‘ಎನ್’ ಪೆಟ್ಟಿಗೆಯ ನಾನೂರ ಹನ್ನೆರಡನೇ ಚೀಟಿ

"ಇದನ್ನ ಬರೆದ ಮಹಾನುಭಾವರು ನೀವೇನಾ?"

ಬಾಗಿಲು ತಟ್ಟದೆ ಒಳಗೆ ನುಗ್ಗಿದ ಅವಳು ಕೈಯಲ್ಲಿದ್ದ ನೀಲಿ ಚೀಟಿಯನ್ನು ಅವನ ಮೇಜಿನ ಮೇಲೆ ಬಡಿದಳು. ಆ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿ, ಪೆನ್ನುಗಳೆಲ್ಲ ನೆಲ ಕಂಡವು.

ಅವನು ತಲೆ ಎತ್ತಲಿಲ್ಲ. ಬಗ್ಗಿ ಒಂದೊಂದೇ ಪೆನ್ನನ್ನು ಹೆಕ್ಕಿ ಡಬ್ಬಿಗೆ ಹಾಕಿದ. ಆಮೇಲೆ ನಿಧಾನವಾಗಿ ಚೀಟಿಯನ್ನು ತಿರುಗಿಸಿ ನೋಡಿದ. ಅದರಲ್ಲಿದ್ದದ್ದು ಒಂದೇ ಪದ: ‘ತೆಗೆಯಿರಿ.’

"ಅಕ್ಷರ ನನ್ನದೇ," ಎಂದ.

"ಕಾರಣ?"

"ಬರೆದಿಲ್ಲ."

"ಅದೇ ರೀ ಕೇಳ್ತಿರೋದು! ಯಾಕೆ ಬರೆದಿಲ್ಲ?"

ಆಗ ತಲೆ ಎತ್ತಿದ. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟ ಬೋಳುತಲೆಯ ಮುದುಕನೊಬ್ಬ ಅಲ್ಲಿ ಕೂತಿರುತ್ತಾನೆಂದು ಅವಳು ಲೆಕ್ಕ ಹಾಕಿಕೊಂಡು ಬಂದಿದ್ದಳು. ಇವನು ನೋಡಿದರೆ ಮೂವತ್ತೋ ಮೂವತ್ತೊಂದೋ! ಬಾಚದ ತಲೆ, ನಿದ್ದೆಗೆಟ್ಟ ಕಣ್ಣು. ಮೆಟ್ಟಿಲು ಇಳಿಯುತ್ತಾ ತಯಾರು ಮಾಡಿಕೊಂಡಿದ್ದ ಬೈಗುಳದಲ್ಲಿ ಅರ್ಧ ಮುದುಕರಿಗೆ ಮಾತ್ರ ಹೊಂದುವಂಥದ್ದು. ಛೆ, ಎಲ್ಲ ದಂಡವಾಯಿತು.

"ನಿಯಮ ಗೊತ್ತಲ್ವಾ?" ಅವನೇ ಹೇಳಿದ. "ಪೆಟ್ಟಿಗೆ ನನ್ನ ಹತ್ರ ಇರೋವಾಗ ಬಾಯಲ್ಲಿ ಮಾತಾಡೋ ಹಾಗಿಲ್ಲ. ಏನಿದ್ರೂ ಬರೆದು ಕೊಡಿ."

ಬರೆಯಬೇಕಾ? ಸರಿ, ಬರೆಯೋಣ! ಅವನ ಡಬ್ಬಿಯಿಂದಲೇ ಒಂದು ಪೆನ್ನು ಕಿತ್ತುಕೊಂಡು, ಅವನ ಚೀಟಿಯ ಹಿಂದೆಯೇ ಬರೆದಳು: ‘ನಿಮಗೆ ತಲೆ ಇದೆಯೇ?’

ಅವನು ಓದಿದ. ಮುಖದ ಮೇಲೆ ಒಂದು ಗೆರೆಯೂ ಅಲುಗಲಿಲ್ಲ. ಕೆಳಗೆ ನೀಟಾಗಿ ಉತ್ತರ ಬರೆದ: ‘ಇದೆ. ಮೂಲ: ನನ್ನ ತಾಯಿ. ಪುಟಸಂಖ್ಯೆ ಲಭ್ಯವಿಲ್ಲ.’

ಅವಳಿಗೆ ನಗು ಬಂದುಬಿಟ್ಟಿತು. ಅದೇ ದೊಡ್ಡ ಅವಮಾನ! ನಗು ಹೊರಗೆ ಬರುವ ಮೊದಲು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟುಹೋದಳು.

ಆ ನಿಘಂಟು ಕಚೇರಿಯಲ್ಲಿ ಅವಳಿಗೆ ‘ಸಿಡುಕಿ’ ಎಂದೇ ಹೆಸರು. ಅವನು ಕೆಲಸಕ್ಕೆ ಸೇರಿ ಮೂರೇ ವಾರ. ಅಷ್ಟರಲ್ಲೇ ‘ಕತ್ತರಿ’ ಎಂಬ ಬಿರುದು ಸಿಕ್ಕಿತ್ತು. ನಾವೂ ಹಾಗೇ ಕರೆಯೋಣ ಬಿಡಿ, ಇಬ್ಬರಿಗೂ ಅದು ಒಪ್ಪುತ್ತದೆ.

ಯುರೋಪಿನ ಹತ್ತಾರು ಭಾಷೆಗಳ ಪದಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ ಹೇಳುವ ದೊಡ್ಡ ನಿಘಂಟು ಅಲ್ಲಿ ತಯಾರಾಗುತ್ತಿತ್ತು. ಮೇಲಿನ ಮಹಡಿಯವರು ಪದ ಬರೆಯುವವರು. ಪದದ ಪ್ರತಿ ಅರ್ಥಕ್ಕೂ ಒಂದು ಬಿಳಿ ಚೀಟಿ. ಚೀಟಿಯಲ್ಲಿ ಯಾವುದಾದರೂ ಪುಸ್ತಕದಿಂದ ತೆಗೆದ ಒಂದು ವಾಕ್ಯ, ಪುಸ್ತಕದ ಹೆಸರು, ಪುಟದ ಸಂಖ್ಯೆ. ಚೀಟಿಗಳು ತುಂಬಿದ ಪೆಟ್ಟಿಗೆ ಕೆಳಗಿನ ಮಹಡಿಯ ಪರಿಶೀಲಕರ ಕೈಗೆ ಹೋಗುತ್ತದೆ. ಅವರು ನೀಲಿ ಚೀಟಿಯಲ್ಲಿ ‘ಇರಲಿ’, ‘ತಿದ್ದಿ’ ಅಥವಾ ‘ತೆಗೆಯಿರಿ’ ಎಂದು ಬರೆದು, ಮೆಟ್ಟಿಲ ತಿರುವಿನಲ್ಲಿರುವ ಗೂಡಿನಲ್ಲಿ ಇಡುತ್ತಾರೆ. ಮುಖ ನೋಡಿ ಮಾತಾಡಿದರೆ ಮುಲಾಜು ಹುಟ್ಟುತ್ತದೆಂದು ಈ ಏರ್ಪಾಡು.

ಅಲ್ಲಿ ಇನ್ನೊಂದು ನಿಯಮವೂ ಇತ್ತು. ಎಲ್ಲರೂ ಹೆದರುತ್ತಿದ್ದ ನಿಯಮ. ಪೆಟ್ಟಿಗೆಯಲ್ಲಿ ಒಂದೇ ಒಂದು ಸುಳ್ಳು ಚೀಟಿ, ಅಂದರೆ ಯಾವ ಪುಸ್ತಕದಲ್ಲೂ ಇಲ್ಲದ ವಾಕ್ಯ ಸಿಕ್ಕರೆ ಇಡೀ ಪೆಟ್ಟಿಗೆ ಹೊರಗೆ. ಬರೆದವರ ಹೆಸರೂ ಹೊರಗೆ. ಹಿಂದೊಮ್ಮೆ ಯಾರೋ ಇಂಥ ಕೆಲಸ ಮಾಡಿ, ಅಚ್ಚಾದ ಸಂಪುಟವನ್ನೇ ಅಂಗಡಿಗಳಿಂದ ವಾಪಸ್ ತರಿಸಬೇಕಾಗಿ ಬಂದಿತ್ತಂತೆ.

ಸಿಡುಕಿಯ ಪೆಟ್ಟಿಗೆ ‘ಎನ್’ ಎಂಬ ಪದದ್ದು. ಎರಡೇ ಅಕ್ಷರ! ಆದರೆ ಅದರ ಚೇಷ್ಟೆ ಕೇಳಬೇಡಿ. ಡಚ್ಚರ ಬಳಿ ಅದು ‘ಮತ್ತು’. ಸ್ಪ್ಯಾನಿಶ್‌ನಲ್ಲಿ ‘ಒಳಗೆ’, ‘ಮೇಲೆ’. ಸ್ವೀಡಿಶ್‌ನಲ್ಲಿ ‘ಒಂದು’. ಫ್ರೆಂಚರು ಅದೇ ಎರಡು ಅಕ್ಷರ ಬರೆದು ‘ಆಂ’ ಎಂದು ಮೂಗಿನಲ್ಲಿ ನುಡಿಯುತ್ತಾರೆ. ಅಲ್ಲಿ ಅದು ‘ಅದರಲ್ಲಿ ಕೊಂಚ’ವೂ ಹೌದು, ‘ಹಾಡುತ್ತಾ ಬಂದ’ ಎನ್ನುವಾಗಿನ ‘ಉತ್ತಾ’ವೂ ಹೌದು. ಇನ್ನು ಫಿನ್ನಿಶ್‌ಗೆ ಹೋದರೆ ‘ನಾನು ಒಲ್ಲೆ, ನಾನು ಮಾಡೆ’ ಎಂಬುದರೊಳಗಿನ ನಿರಾಕರಣೆಯೇ ‘ಎನ್’. ಅಲ್ಲಿ ‘ಇಲ್ಲ’ ಎನ್ನುವುದೇ ಒಂದು ಕ್ರಿಯಾಪದ. ನಾನು ಅಂದರೆ ಒಂದು ರೂಪ, ನೀನು ಅಂದರೆ ಇನ್ನೊಂದು.

ಈ ಪೆಟ್ಟಿಗೆಯ ನಾನೂರ ಹನ್ನೆರಡು ಚೀಟಿಗಳನ್ನು ಬರೆದವರು ಅವಳ ದೊಡ್ಡಮ್ಮ.

ಅಮ್ಮ ಹೋದಾಗ ಸಿಡುಕಿಗೆ ಎಂಟು ವರ್ಷ. ಅಮ್ಮನ ಅಕ್ಕ ಬಂದು, ಕೈ ಹಿಡಿದು ಕರೆದುಕೊಂಡು ಹೋಗಿ ಸಾಕಿದರು. ಮದುವೆಯಾಗದ ಹೆಂಗಸು, ಮೂವತ್ತೊಂದು ವರ್ಷ ಇದೇ ಕಚೇರಿಯ ಇದೇ ಮೇಜಿನಲ್ಲಿ ಕೂತು ಬರೆದವರು. ‘ಎನ್’ ಪೆಟ್ಟಿಗೆ ಮುಗಿಯುವ ಹೊತ್ತಿಗೆ ನಿವೃತ್ತಿ ಬಂತು, ಪೆಟ್ಟಿಗೆ ಅದೇ ಕಚೇರಿ ಸೇರಿದ್ದ ಸಿಡುಕಿಯ ಕೈಗೆ ಬಂತು. ಈಗ ಅರವತ್ತೆಂಟು. ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ವರ್ಷದ ಕೊನೆಯ ತನಕ ಓದಲು ಆಗಬಹುದು, ಆಮೇಲೆ ಹೇಳಲಾಗದು ಎಂದಿದ್ದರು ಡಾಕ್ಟರು. ಅಚ್ಚಾದ ‘ಎನ್’ ಅಂಕಣವನ್ನೂ ಬರೆದವರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಭೂತಗನ್ನಡಿ ಹಿಡಿದು ಒಮ್ಮೆ ಓದಬೇಕು. ದೊಡ್ಡಮ್ಮನಿಗೆ ಇದ್ದದ್ದು ಇದೊಂದೇ ಆಸೆ. ಸಂಪುಟ ಅಚ್ಚಿಗೆ ಹೋಗಲು ಇನ್ನು ಹತ್ತೇ ದಿನ ಉಳಿದಿತ್ತು.

ಅಂಥ ಹೊತ್ತಿನಲ್ಲಿ ವಕ್ಕರಿಸಿದ್ದ ಈ ಕತ್ತರಿ!

ಮೂರು ವಾರದಿಂದ ಇಬ್ಬರಿಗೂ ಚೀಟಿಯಲ್ಲೇ ಯುದ್ಧ ನಡೆದಿತ್ತು. ‘ಡಚ್ಚಿನ ಮತ್ತುವಿಗೆ ಹದಿನೇಳು ಉದಾಹರಣೆಯೇ? ಎರಡು ಮಾತು ಜೋಡಿಸಲು ಇಷ್ಟು ಜನ ಬೇಕೇ?’ ಎಂದು ಅವನು ಬರೆದರೆ, ‘ಜೋಡಿಸುವುದು ಕಷ್ಟದ ಕೆಲಸ. ಕತ್ತರಿಸುವವರಿಗೆ ತಿಳಿಯದು’ ಎಂದು ಇವಳು. ‘ಸ್ವೀಡಿಶ್ ಚೀಟಿಯ ಅಕ್ಷರ ಕೋಳಿ ಕೆದರಿದಂತಿದೆ’ ಎಂದರೆ, ‘ಕೋಳಿಗೂ ಅರ್ಥವಾಗಿದೆ, ನಿಮಗಾಗಿಲ್ಲ’ ಎಂದು ಉತ್ತರ ಹೋಗುತ್ತಿತ್ತು.

ಒಂದು ಸಲ ಮಾತ್ರ ಬೇರೆ ಥರದ ಚೀಟಿ ಬಂದಿತ್ತು. ಫಿನ್ನಿಶ್ ‘ಎನ್’ಗೆ ಅವಳು ‘ಒಲ್ಲೆ, ಅರಿಯೆ ಎಂಬ ನಮ್ಮ ರೂಪಗಳಲ್ಲೂ ನಾನು ಮತ್ತು ಇಲ್ಲ ಒಟ್ಟಿಗೇ ಕೂತಿವೆ’ ಎಂದು ಟಿಪ್ಪಣಿ ಸೇರಿಸಿದ್ದಳು. ಅದರ ಕೆಳಗೆ ಅವನು ‘ಇದು ಬಹಳ ಚೆನ್ನಾಗಿದೆ’ ಎಂದು ಬರೆದಿದ್ದ. ಅದನ್ನು ನಾಲ್ಕು ಸಲ ಓದಿ, ಐದನೇ ಸಲ ತನಗೇ ಛೀಮಾರಿ ಹಾಕಿಕೊಂಡು, ಚೀಟಿಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದ್ದಳು.

ಅಂಥವನು ಇವತ್ತು ಕೊನೆಯ ಚೀಟಿಗೇ ಕೈ ಹಾಕಿದ್ದ! ಪೆಟ್ಟಿಗೆಯಲ್ಲೆಲ್ಲ ಅವಳಿಗೆ ಅತಿ ಇಷ್ಟವಾದ ಚೀಟಿ ಅದು. ಯಾವುದೋ ಹಳೆಯ ಫಿನ್ನಿಶ್ ಪತ್ರಗಳ ಸಂಗ್ರಹ, ಪುಟ ಇನ್ನೂರ ಹದಿನಾಲ್ಕು: ‘ನಾನು ನಿನಗಾಗಿ ಕಾಯಲಿಲ್ಲ, ಬಾಗಿಲು ಮಾತ್ರ ತೆರೆದಿಟ್ಟಿದ್ದೆ.’

ಚಿಕ್ಕಂದಿನಿಂದ ದೊಡ್ಡಮ್ಮ ಅವಳಿಗೆ ಕಥೆಯ ಹಾಗೆ ಹೇಳುತ್ತಿದ್ದ ವಾಕ್ಯ ಅದು. ಅದನ್ನು ತೆಗೆಯಬೇಕಂತೆ. ಕಾರಣ ಮಾತ್ರ ಹೇಳುವುದಿಲ್ಲವಂತೆ!

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ದೊಡ್ಡಮ್ಮಾ, ಆ ಮನುಷ್ಯನಿಗೆ ಹೃದಯ ಅನ್ನೋದೇ ಇಲ್ಲ! ಕೊನೇ ಚೀಟಿ ತೆಗೀಬೇಕಂತೆ."

ದೊಡ್ಡಮ್ಮ ಕಿಟಕಿಯ ಬಳಿ ಬಟ್ಟೆ ಮಡಚುತ್ತಿದ್ದರು. ಮಡಚುವ ಕೈ ನಿಂತಿತು.

"ಕೊನೇದಾ? ಆ ಬಾಗಿಲಿನ ವಾಕ್ಯಾನಾ?"

"ಅದೇ."

"ಯಾಕಂತೆ?"

"ಯಾಕೆ ಅಂತ ಹೇಳೋ ಯೋಗ್ಯತೆ ಇದ್ರೆ ತಾನೆ!"

ದೊಡ್ಡಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದರು. "ಹೋಗಲಿ ಬಿಡು ಪುಟ್ಟಿ. ಒಂದು ಚೀಟಿ ತಾನೆ. ತೆಗೆದ್ರೆ ತೆಗೀಲಿ."

ಆ ಸೋತ ಧ್ವನಿ ಕೇಳಿ ಅವಳ ಕೋಪ ಇನ್ನೂ ಏರಿತು. ಒಂದು ಅಲ್ಪವಿರಾಮಕ್ಕಾಗಿ ಸಂಪಾದಕರ ಜೊತೆ ವಾರಗಟ್ಟಲೆ ಜಗಳವಾಡಿದ ದೊಡ್ಡಮ್ಮ ಇವರೇನಾ? ಎಷ್ಟು ನೊಂದಿರಬೇಕು ಜೀವ! ಬಿಡೋದಿಲ್ಲ ಅವನನ್ನ... ಸುಮ್ಮನೆ ಬಿಡೋದಿಲ್ಲ!

ಮರುದಿನ ಬೆಳಿಗ್ಗೆಯೇ ಪ್ರಧಾನ ಸಂಪಾದಕರಿಗೆ ಲಿಖಿತ ತಕರಾರು ಹೋಯಿತು. ‘ಸರಿಯಾದ ಮೂಲವಿರುವ ಚೀಟಿಯನ್ನು ಪರಿಶೀಲಕರು ಕಾರಣ ಕೊಡದೆ ತೆಗೆದಿದ್ದಾರೆ.’ ಸೋಮವಾರ ಹತ್ತು ಗಂಟೆಗೆ ಇಬ್ಬರೂ ಬರಬೇಕೆಂದು ಸಂಪಾದಕರು ಹೇಳಿ ಕಳಿಸಿದರು.

ಶುಕ್ರವಾರ ಮೆಟ್ಟಿಲ ತಿರುವಿನಲ್ಲಿ ಕತ್ತರಿ ಅವಳಿಗೆ ಅಡ್ಡ ನಿಂತ.

"ತಕರಾರು ವಾಪಸ್ ತಗೊಳ್ಳಿ."

"ಅಯ್ಯೋ, ಬಾಯಲ್ಲಿ ಮಾತಾಡ್ತಿದ್ದೀರಾ! ನಿಯಮ ಏನಾಯ್ತು?"

"ದಯವಿಟ್ಟು ವಾಪಸ್ ತಗೊಳ್ಳಿ."

"ಹೆದರಿಕೆ ಆಯ್ತಾ?"

"ಆಯ್ತು," ಎಂದ. ನಾಚಿಕೆಯಿಲ್ಲದೆ, ನೇರವಾಗಿ.

ಅವಳಿಗೆ ಒಳಗೊಳಗೇ ಗೆದ್ದ ಖುಷಿ. "ಕಾರಣ ಹೇಳಿ, ವಾಪಸ್ ತಗೋತೀನಿ."

ಅವನ ತುಟಿ ತೆರೆಯಿತು. ಇನ್ನೇನು ಹೇಳಿಯೇಬಿಡುತ್ತಾನೆ ಅನ್ನಿಸಿತು. ಆದರೆ ಅವನು ಕಣ್ಣು ಬೇರೆ ಕಡೆ ತಿರುಗಿಸಿದ. "ನನ್ನನ್ನ ಎಷ್ಟು ಬೇಕಾದ್ರೂ ಬೈಯಿರಿ, ಬೇಜಾರಿಲ್ಲ. ಆ ಒಂದು ಚೀಟಿ ಬಿಟ್ಟುಬಿಡಿ."

"ಕೇಳಿ ಇಲ್ಲಿ," ಅವಳು ಬೆರಳು ತೋರಿಸಿದಳು. "ನಮ್ಮ ದೊಡ್ಡಮ್ಮನಿಗೆ ಇನ್ನು ಕೆಲವು ತಿಂಗಳು ಮಾತ್ರ ಕಣ್ಣು ಕಾಣೋದು. ಅವರು ಬರೆದ ಒಂದೊಂದು ಸಾಲೂ ಆ ಪುಸ್ತಕದಲ್ಲಿ ಇರಬೇಕು. ಅದನ್ನ ಕಿತ್ತುಹಾಕೋಕೆ ನೀವು ಯಾರ್ರೀ? ನಿಮ್ಮಂಥ ಕಲ್ಲುಮನಸ್ಸಿನವರನ್ನ ನಾನು ಜನ್ಮದಲ್ಲಿ ನೋಡಿಲ್ಲ!"

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮೆಟ್ಟಿಲು ಹತ್ತುತ್ತಾ ಅವಳಿಗೆ ಅಳು ಬಂತು. ಕೋಪಕ್ಕೇ ಎಂದುಕೊಂಡಳು. ಆದರೆ ಅವನ ಆ ಬಾಡಿದ ಮುಖ ಯಾಕೆ ಕಣ್ಣೆದುರಿಂದ ಹೋಗುತ್ತಿಲ್ಲ? ಥೂ!

ಸೋಮವಾರ ಸಂಪಾದಕರ ಮೇಜಿನ ಮೇಲೆ ಮೂಲ ಪುಸ್ತಕವನ್ನೇ ತೆರೆದಿಟ್ಟರೆ ಅವನ ಬಾಯಿ ಮುಚ್ಚೀತು. ಈ ಯೋಚನೆ ಬಂದದ್ದೇ ತಡ, ಶನಿವಾರ ಬೆಳಿಗ್ಗೆ ರಸ್ತೆಯಾಚೆಯ ಗ್ರಂಥಾಲಯಕ್ಕೆ ಹೋದಳು. ಪುಸ್ತಕ ಕೊಡುವ ಅಕ್ಕ ಚೀಟಿ ನೋಡಿ ಹುಬ್ಬೇರಿಸಿದರು.

"ಇದೇನಮ್ಮಾ, ಎಲ್ಲರಿಗೂ ಇದೇ ಪುಸ್ತಕ ಬೇಕು? ನಿಮ್ಮ ಕಚೇರಿಯ ಆ ಹುಡುಗ ಆಗಲೇ ನಾಲ್ಕು ಸಲ ತಗೊಂಡಿದ್ದಾನೆ."

"ಯಾವ ಹುಡುಗ?"

"ತಲೆ ಬಾಚದೇ ಇರೋನು." ಅಕ್ಕ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು. "ನೋಡು, ಮೂರು ವಾರದಿಂದ ದಿನಾ ಊಟದ ಹೊತ್ತಿಗೆ ಬರ್ತಾನೆ. ಊಟ ಮಾಡ್ತಾನೋ ಇಲ್ವೋ ದೇವರಿಗೇ ಗೊತ್ತು."

ಸಾಲು ಸಾಲು ಸಹಿ. ಡಚ್ ಪುಸ್ತಕ, ಸ್ಪ್ಯಾನಿಶ್ ಪುಸ್ತಕ, ಫ್ರೆಂಚ್ ಪುಸ್ತಕ. ಎಲ್ಲವೂ ದೊಡ್ಡಮ್ಮನ ಚೀಟಿಗಳಲ್ಲಿದ್ದ ಹೆಸರುಗಳೇ. ಸಾಮಾನ್ಯವಾಗಿ ಪರಿಶೀಲಕರು ಹತ್ತಕ್ಕೆ ಒಂದು ಚೀಟಿ ಎತ್ತಿ ನೋಡುತ್ತಾರೆ. ಈ ಪುಣ್ಯಾತ್ಮ ಒಂದನ್ನೂ ಬಿಟ್ಟಿರಲಿಲ್ಲ.

ತಪ್ಪು ಹುಡುಕೋಕೆ ಎಷ್ಟು ಹಠ ನೋಡು, ಎಂದು ಹಲ್ಲು ಕಡಿಯುತ್ತಲೇ ಅವಳು ಪತ್ರಗಳ ಸಂಗ್ರಹವನ್ನು ತೆರೆದಳು. ಬೂದು ಬಟ್ಟೆಯ ಹೊದಿಕೆಯ ತೆಳು ಪುಸ್ತಕ. ಪುಟ ತಿರುಗಿಸಿದಳು. ನೂರ ತೊಂಬತ್ತು... ನೂರ ತೊಂಬತ್ತೈದು... ನೂರ ತೊಂಬತ್ತೆಂಟು.

ಅಲ್ಲಿಗೆ ಪುಸ್ತಕ ಮುಗಿಯಿತು.

ಹರಿದಿದೆಯೇನೋ ಎಂದು ಹೊಲಿಗೆ ನೋಡಿದಳು. ಹರಿದಿರಲಿಲ್ಲ. ಪರಿವಿಡಿಯೂ ನೂರ ತೊಂಬತ್ತೆಂಟಕ್ಕೇ ನಿಂತಿತ್ತು. ಇನ್ನೂರ ಹದಿನಾಲ್ಕನೇ ಪುಟ ಎಂಬುದೇ ಆ ಪುಸ್ತಕದಲ್ಲಿ ಇರಲಿಲ್ಲ.

"ಬೇರೆ ಮುದ್ರಣ ಏನಾದ್ರೂ ಇದೆಯಾ ಅಕ್ಕಾ?"

"ಅವನೂ ಅದೇ ಕೇಳಿದ. ಇದೊಂದೇ ಮುದ್ರಣ. ಪುಟದ ಸಂಖ್ಯೆ ತಪ್ಪಾಗಿ ಬಿದ್ದಿರಬೇಕು ಅಂತ ಇಲ್ಲೇ ಕೂತು ಮೊದಲಿಂದ ಕೊನೇ ತನಕ ಒಂದೊಂದು ಸಾಲೂ ಓದಿದ, ಪಾಪ. ‘ಅಷ್ಟು ಏನಪ್ಪಾ ಹುಡುಕ್ತಿದ್ದೀಯಾ’ ಅಂದೆ. ‘ಒಬ್ಬರ ಮರ್ಯಾದೆ ಅಕ್ಕಾ’ ಅಂದ. ಸಿಗಲಿಲ್ಲ ಅಂತ ಕಾಣುತ್ತೆ, ಮುಖ ಚಿಕ್ಕದು ಮಾಡ್ಕೊಂಡು ಹೋದ."

ಅವಳು ಅಲ್ಲಿದ್ದ ಬೆಂಚಿನ ಮೇಲೆ ಕೂತಳು. ಈಗ ಎಲ್ಲವೂ ತಿಳಿಯಿತು. ನೀಲಿ ಚೀಟಿಯಲ್ಲಿ ಕಾರಣ ಬರೆದಿದ್ದರೆ ಅದು ಸಂಪಾದಕರ ಕೈಗೆ ಹೋಗುತ್ತಿತ್ತು, ಇಡೀ ಪೆಟ್ಟಿಗೆ ಹೊರಗೆ ಬೀಳುತ್ತಿತ್ತು. ಅದಕ್ಕೇ ಬರೆದಿಲ್ಲ! ಆ ಒಂದನ್ನು ಸದ್ದಿಲ್ಲದೆ ತೆಗೆದು ಉಳಿದದ್ದೆಲ್ಲವನ್ನೂ ಉಳಿಸಲು ನೋಡಿದ್ದಾನೆ.

ಅವನು ಮುಚ್ಚಿದ್ದನ್ನು ತಾನೇ ತಕರಾರು ಬರೆದು ಬಯಲಿಗೆ ಎಳೆದಿದ್ದಳು. ಕಲ್ಲುಮನಸ್ಸು ಅಂದಳಲ್ಲ ಅವನನ್ನ... ಅಯ್ಯೋ ದೇವರೇ!

ಮನೆಗೆ ಬಂದಾಗ ದೊಡ್ಡಮ್ಮ ಅಡುಗೆಮನೆಯಲ್ಲಿದ್ದರು. ಅವಳು ಕೂಗಾಡಲಿಲ್ಲ. ಅದನ್ನು ಕಂಡೇ ದೊಡ್ಡಮ್ಮ ಒಲೆ ಆರಿಸಿದರು.

"ಪುಸ್ತಕ ನೋಡಿದೆ, ದೊಡ್ಡಮ್ಮಾ."

ದೊಡ್ಡಮ್ಮ ಪಾತ್ರೆಯ ಮುಚ್ಚಳ ಮುಚ್ಚಿದರು.

"ಅದರಲ್ಲಿ ಅಷ್ಟು ಪುಟಗಳೇ ಇಲ್ಲ."

ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. "ನಾನು ಬರೆದದ್ದು ಅದು. ನಾನೇ ಕಟ್ಟಿದ ವಾಕ್ಯ."

"ಯಾಕೆ? ನೀವು... ನೀವು ಹೀಗೆ ಮಾಡ್ತೀರಾ?"

"ಒಬ್ಬರು ಬರ್ತೀನಿ ಅಂದಿದ್ರು. ಎರಡು ವರ್ಷ ನೋಡಿದೆ. ಯಾರಾದ್ರೂ ಕೇಳಿದ್ರೆ ಕಾಯ್ತಿಲ್ಲ ಅಂತಿದ್ದೆ. ಅವರಿಗೆ ಬೇರೆ ಕಡೆ ಮದುವೆ ಆಯ್ತು ಅಂತ ಸುದ್ದಿ ಬಂದ ದಿನ ಕಚೇರಿಗೆ ಹೋದೆ. ಆ ಅರ್ಥಕ್ಕೆ ಒಂದು ಉದಾಹರಣೆ ಬೇಕಿತ್ತು, ಯಾವ ಪುಸ್ತಕದಲ್ಲೂ ಸರಿಯಾದದ್ದು ಸಿಕ್ಕಿರಲಿಲ್ಲ. ಕೈ ತಾನಾಗೇ ಬರೆದುಬಿಡ್ತು." ದೊಡ್ಡಮ್ಮ ಮುಖ ಮುಚ್ಚಿಕೊಂಡರು. "ಉಳಿದ ಚೀಟಿಗೆಲ್ಲ ಪುಸ್ತಕ ಇತ್ತು ಪುಟ್ಟಿ. ಅದಕ್ಕೆ ಮಾತ್ರ ನಾನೇ ಪುಸ್ತಕ. ಆಮೇಲೆ ಎಷ್ಟೋ ಸಲ ಕಿತ್ತು ಹಾಕೋಣ ಅಂದ್ಕೊಂಡೆ, ಮನಸ್ಸು ಬರಲಿಲ್ಲ."

ಸಿಡುಕಿ ಅವರ ಕಾಲ ಬಳಿ ಕೂತು ಮಡಿಲಲ್ಲಿ ತಲೆ ಇಟ್ಟಳು. ಇಬ್ಬರೂ ಅತ್ತರು.

"ಪೆಟ್ಟಿಗೆ ಉಳಿಯುತ್ತಾ?" ದೊಡ್ಡಮ್ಮ ಮಗುವಿನ ಹಾಗೆ ಕೇಳಿದರು. "ನನ್ನ ಹೆಸರು ಉಳಿಯುತ್ತಾ ಪುಟ್ಟಿ?"

"ಉಳಿಯುತ್ತೆ. ತಕರಾರು ವಾಪಸ್ ತಗೋತೀನಿ. ನಾನಿದ್ದೀನಲ್ಲ."

ಸೋಮವಾರ ಹತ್ತಕ್ಕೆ ಸಂಪಾದಕರ ಕೋಣೆಯಲ್ಲಿ ಇಬ್ಬರೂ ಎದುರು ಬದುರು ಕೂತರು. ಅವಳು ಅವನ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಸರ್, ತಕರಾರು ವಾಪಸ್ ತಗೋತೀನಿ. ತಪ್ಪು ನಂದು."

"ತಗೊಳ್ಳಿ, ಬೇಡ ಅನ್ನಲ್ಲ." ಸಂಪಾದಕರು ಬಿಳಿ ಚೀಟಿಯನ್ನು ಎತ್ತಿ ಹಿಡಿದರು. "ಆದ್ರೆ ನಾನು ಇದನ್ನ ನೋಡಿ ಆಗಿದೆ. ವಾಕ್ಯ ಇದೆ, ಪುಸ್ತಕದ ಹೆಸರಿದೆ, ಪುಟ ಇದೆ. ಒಳ್ಳೇ ಚೀಟಿ. ಇದನ್ನ ಯಾಕ್ರೀ ತೆಗೆದ್ರಿ?"

ಕತ್ತರಿ ಕಿಟಕಿಯ ಕಡೆ ನೋಡುತ್ತಾ ಹೇಳಿದ. "ಇಷ್ಟ ಆಗಲಿಲ್ಲ ಸರ್."

"ಇಷ್ಟ ಆಗಲಿಲ್ಲ ಅಂದ್ರೆ?"

"ಅಷ್ಟೇ ಸರ್."

"ಇದೇನು ನಿಮ್ಮ ಮನೆ ಅಂದ್ಕೊಂಡ್ರಾ? ಇನ್ನೊಬ್ಬರು ಮೂವತ್ತು ವರ್ಷ ಬೆವರು ಸುರಿಸಿದ್ದನ್ನ ಇಷ್ಟ ಆಗಲಿಲ್ಲ ಅಂತ ಕಿತ್ತು ಬಿಸಾಕೋ ಪರಿಶೀಲಕ ನನಗೆ ಬೇಡ." ಸಂಪಾದಕರು ಕನ್ನಡಕ ತೆಗೆದಿಟ್ಟರು. "ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ. ನಾಳೆಯಿಂದ ಬರೋದು ಬೇಡ."

"ಆಗಲಿ ಸರ್."

ಆಗಲಿ ಅಂದನಲ್ಲ! ಅಷ್ಟೇನಾ? ಎದ್ದು ಹೊರಟೇಬಿಡುತ್ತಾನಾ?

ತಾನು ಸುಮ್ಮನೆ ಕೂತರೆ ಸಾಕು. ಪೆಟ್ಟಿಗೆ ಉಳಿಯುತ್ತದೆ, ಹೆಸರು ಉಳಿಯುತ್ತದೆ, ದೊಡ್ಡಮ್ಮ ಭೂತಗನ್ನಡಿ ಹಿಡಿದು ಓದುತ್ತಾರೆ. ಅವನು ಮಾತ್ರ ಹೋಗುತ್ತಾನೆ. ಮೂರು ವಾರ ಊಟ ಬಿಟ್ಟು ಆ ಹೆಸರನ್ನು ಕಾದವನು ಕೆಟ್ಟವನೆನಿಸಿಕೊಂಡು ಹೋಗುತ್ತಾನೆ.

ಅವನು ಬಾಗಿಲ ತನಕ ಹೋಗಿದ್ದ.

"ಆ ವಾಕ್ಯ ಸುಳ್ಳು ಸರ್!"

ಕತ್ತರಿ ಗರಕ್ಕನೆ ತಿರುಗಿದ. "ಬೇಡ," ಎಂದ ಮೆಲ್ಲಗೆ. "ಬೇಡ ರೀ..."

"ನಮ್ಮ ದೊಡ್ಡಮ್ಮ ಅದನ್ನ ತಾವೇ ಬರೆದ್ರು. ಆ ಪುಸ್ತಕದಲ್ಲಿ ಇನ್ನೂರ ಹದಿನಾಲ್ಕನೇ ಪುಟ ಇಲ್ಲ. ಇವರಿಗೆ ಅದು ಗೊತ್ತಿತ್ತು. ನಮಗೆ ಅವಮಾನ ಆಗಬಾರದು ಅಂತ ಬಾಯಿ ಮುಚ್ಕೊಂಡಿದ್ದಾರೆ." ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. "ಕಳಿಸೋದಾದ್ರೆ ನನ್ನನ್ನ ಕಳಿಸಿ."

ಸಂಪಾದಕರು ಚೀಟಿಯನ್ನು ಇನ್ನೊಮ್ಮೆ ಓದಿದರು. ದೊಡ್ಡಮ್ಮನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವರು ಅವರು. "ನಿಯಮ ಮಾಡಿದವನು ನಾನೇ," ಎಂದರು ಕಡೆಗೆ. "ಮುರಿಯೋಕಾಗಲ್ಲಮ್ಮಾ. ಪೆಟ್ಟಿಗೆ ಹೊರಗೆ."

"ಹೊರಗೆ ಹೋದ ಪೆಟ್ಟಿಗೆಯನ್ನ ಹೊಸದಾಗಿ ತರಬಹುದು ಸರ್." ಕತ್ತರಿ ವಾಪಸ್ ಬಂದು ನಿಂತಿದ್ದ. "ಬೇರೆಯವರು ಒಂದೊಂದು ಚೀಟಿಯನ್ನೂ ಮೂಲದ ಜೊತೆ ಹೋಲಿಸಿ ಸಹಿ ಹಾಕಿದ್ರೆ ಆಯ್ತು. ಅದೂ ನಿಮ್ಮ ನಿಯಮವೇ."

"ನಾನೂರಕ್ಕೂ ಹೆಚ್ಚು ಚೀಟಿ. ಅಚ್ಚಿಗೆ ಹೋಗೋಕೆ ವಾರವೂ ಇಲ್ಲ. ಆಗೋ ಮಾತಾ?"

"ಆಗಿದೆ ಸರ್." ಅವನು ಚೀಲದಿಂದ ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟ. "ನಾನೂರ ಹನ್ನೊಂದು ಚೀಟಿ. ಪುಸ್ತಕ, ಪುಟ, ಸಾಲು. ಎಲ್ಲ ಇದೆ."

ಸಂಪಾದಕರು ಅಷ್ಟಕ್ಕೆ ನಂಬುವ ಆಸಾಮಿಯಲ್ಲ. ಮನಸ್ಸಿಗೆ ಬಂದ ಇಪ್ಪತ್ತು ಚೀಟಿ ಆರಿಸಿ, ಗ್ರಂಥಾಲಯದಿಂದ ಪುಸ್ತಕ ತರಿಸಿ, ಮಧ್ಯಾಹ್ನದ ತನಕ ಕೂತು ನೋಡಿದರು. ಇಬ್ಬರೂ ಹೊರಗಿನ ಬೆಂಚಿನ ಎರಡು ತುದಿಯಲ್ಲಿ ಕೂತು ಕಾದರು. ಕಡೆಗೆ ಸಂಪಾದಕರು ಬಾಗಿಲಿಗೆ ಬಂದರು.

"ಪದ ಒಳಗೆ. ಅವರ ಹೆಸರು ಹೊರಗೆ. ಇದರ ಮೇಲೆ ನನ್ನ ಕೇಳಬೇಡಿ." ಕತ್ತರಿಯ ಕಡೆ ತಿರುಗಿದರು. "ಸುಳ್ಳು ಚೀಟಿ ಮುಚ್ಚಿಟ್ಟವನಿಗೆ ಪರಿಶೀಲಕನ ಕುರ್ಚಿ ಇಲ್ಲ. ಮೇಲಿನ ಮಹಡಿಗೆ ಹೋಗಿ, ಮೊದಲಿಂದ ಚೀಟಿ ಬರೆಯೋದು ಕಲೀರಿ."

ಬೀದಿಗೆ ಬಂದವಳು ನಡೆಯುವುದನ್ನು ನಿಲ್ಲಿಸಿದಳು. "ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದೆ... ಹೆಸರು ಉಳಿಯುತ್ತೆ ಅಂತ. ಹೇಗೆ ಹೇಳಲಿ ಈಗ?"

"ನಾನೂ ಬರ್ತೀನಿ," ಎಂದ ಅವನು.

ಮನೆಯಲ್ಲಿ ದೊಡ್ಡಮ್ಮ ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. ಮುಗಿದ ಮೇಲೆ ಮುಖ ತಿರುಗಿಸಿದರು.

"ಉಳಿಯುತ್ತೆ ಅಂದಿದ್ದೆಯಲ್ಲೇ ನೀನು."

"ಹೌದು ದೊಡ್ಡಮ್ಮಾ. ಆದ್ರೆ ಇವರನ್ನ..."

"ಮಾತಾಡಬೇಡ ನನ್ನ ಹತ್ರ!"

ಸಿಡುಕಿ ತಲೆ ತಗ್ಗಿಸಿ ನಿಂತಳು. ಇಪ್ಪತ್ತು ವರ್ಷದಲ್ಲಿ ದೊಡ್ಡಮ್ಮ ಅವಳ ಮೇಲೆ ಹೀಗೆ ಕೂಗಿದ್ದೇ ಇಲ್ಲ. ಕಡೆಗೆ ದೊಡ್ಡಮ್ಮ ಆ ಮಂಜುಗಣ್ಣನ್ನು ಅವನ ಕಡೆ ತಿರುಗಿಸಿದರು.

"ಉಳಿದದ್ದು ಎಲ್ಲಾ ನೋಡಿದ್ಯೇನಪ್ಪಾ?"

"ನೋಡಿದೆ ಅಮ್ಮಾ. ಒಂದೂ ಬಿಡದೆ."

"ಸರಿ ಇತ್ತಾ?"

"ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ."

ದೊಡ್ಡಮ್ಮ ಕೈ ಚಾಚಿ ಅವನ ಮುಂಗೈ ಹಿಡಿದರು. "ಮೂವತ್ತೊಂದು ವರ್ಷದಲ್ಲಿ ಯಾರೂ ಒಂದನ್ನೂ ಬಿಡದೆ ನೋಡಿರಲಿಲ್ಲ ಕಣಪ್ಪಾ. ಯಾರೂ..." ಎಂದವರೇ ಅವನ ಕೈಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತುಬಿಟ್ಟರು. ಸಿಡುಕಿ ಓಡಿ ಬಂದು ತಬ್ಬಿಕೊಂಡಳು. ದೊಡ್ಡಮ್ಮ ಅವಳನ್ನು ತಳ್ಳಲಿಲ್ಲ.

"ಸರಿಯಾಗೇ ಮಾಡಿದ್ದೀಯ. ಹೋಗಿ, ಇಬ್ಬರೂ ಹೊರಗೆ ಹೋಗಿ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ನಾನು ಸ್ವಲ್ಪ ಹೊತ್ತು ಒಬ್ಬಳೇ ಅಳಬೇಕು. ಆಮೇಲೆ ಬನ್ನಿ, ಊಟಕ್ಕೆ. ಇವನು ಕಡ್ಡಿ ಆಗಿದ್ದಾನೆ."

ಹೊರಗಿನ ಜಗಲಿಯಲ್ಲಿ ಇಬ್ಬರೂ ಕಂಬಕ್ಕೊಬ್ಬರಂತೆ ನಿಂತರು.

"ನನಗಾದ್ರೂ ಹೇಳಬಹುದಿತ್ತಲ್ಲ?" ಅವಳೇ ಕೇಳಿದಳು.

"ಹೇಳಿದ್ರೆ ನೀವು ದೊಡ್ಡಮ್ಮನ್ನ ಬಿಟ್ಟುಕೊಡಬೇಕಿತ್ತು, ಇಲ್ಲಾ ಸುಳ್ಳು ಹೊತ್ಕೊಂಡು ತಿರುಗಬೇಕಿತ್ತು. ಅದಕ್ಕಿಂತ ನೀವು ನನ್ನನ್ನ ದ್ವೇಷಿಸೋದೇ ವಾಸಿ ಅನ್ನಿಸ್ತು."

"ನಿಮಗೇನಾಗಬೇಕಿತ್ತು ನಾನು? ಅಷ್ಟೆಲ್ಲ ಬೈದವಳು!"

ಅವನು ನೆಲ ನೋಡಿದ. ಕಿವಿ ಕೆಂಪಾಗಿತ್ತು. "ಗೂಡಿನಲ್ಲಿ ನಿಮ್ಮ ಚೀಟಿ ಇಲ್ಲದ ದಿನ ನನಗೆ ಕೆಲಸವೇ ಆಗ್ತಿರಲಿಲ್ಲ. ಮುಖ ನೋಡೋಕೆ ಮೊದಲೇ ಪ್ರೀತಿ ಆಗಿತ್ತು. ನೋಡಿದ ಮೇಲೆ ಉಪಾಯವೇ ಉಳೀಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಇವನನ್ನು ಬೈಯಲು ದಿನವೂ 'ಬೆಳಗಾಗಲಿ' ಎಂದು ಕಾದಿದ್ದೆಯಲ್ಲೇ ಹುಚ್ಚಿ, ಅದಕ್ಕೆ ಬೇರೆ ಏನಂತ ಹೆಸರಿಟ್ಟುಕೊಂಡಿದ್ದೆ?

ಮೂರು ಹೆಜ್ಜೆ ನಡೆದು ಅವನ ಕಂಬದ ಬಳಿಗೇ ಬಂದಳು.

"ಕೇಳು. ನನಗೆ ನಿನ್ನ ಮೇಲೆ ಇನ್ನೂ ಕೋಪ ಇದೆ."

"ಯಾಕೆ?"

"ಆಗಲಿ ಸರ್ ಅಂತ ಎದ್ದು ಹೊರಟಿದ್ದೆಯಲ್ಲ. ನನ್ನ ಬಿಟ್ಟು ಹೋಗೋಕೆ ಅಷ್ಟು ಸಲೀಸಾ?"

"ಕಾಲು ಬರ್ತಿರಲಿಲ್ಲ ಕಣೇ. ಬಾಗಿಲ ತನಕ ಹೋಗೋಷ್ಟರಲ್ಲಿ ಸಾಕಾಗಿತ್ತು." ಅವನು ಹೆದರುತ್ತಲೇ ಅವಳ ಕೈ ಹಿಡಿದ. "ಕೋಪ ಇಳಿಯೋಕೆ ಎಷ್ಟು ದಿನ ಬೇಕು?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ವರ್ಷಗಟ್ಟಲೆ ಬೇಕಾಗುತ್ತೆ. ಮೊದಲು ಒಳಗೆ ಬಾ, ಊಟ ಮಾಡು."